ಎದೆಮಟ್ಟದ ನೀರು

"ಗುರುಗಳೇ, ಇದ್ದದ್ದನ್ನು ಇದ್ದ ಹಾಗೆ ಹೇಳಿದವನ ಮೇಲೆ ಸಿಟ್ಟಾಗುವುದು ಅಜ್ಞಾನವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನನ್ನು ನೋಡಿದರು. ಆಮೇಲೆ ಹೇಳತೊಡಗಿದರು.

ಒಂದು ಊರಿತ್ತು. ಸಂತೆ ಸೇರುವುದು ನದಿಯ ಆಚೆ. ದೋಣಿಯಿಲ್ಲ, ಸೇತುವೆಯಿಲ್ಲ. ನೀರಿನ ಆಳ ಕಡಿಮೆಯಿರುವ ಒಂದು ಜಾಗದಲ್ಲಿ ಜನ ನಡೆದೇ ದಾಟುತ್ತಿದ್ದರು. ಅಲ್ಲಿ ಭರಮಪ್ಪ ಎಂಬವನನ್ನು ಊರು ನೇಮಿಸಿತ್ತು. ಅವನು ಬೆಳಗ್ಗೆ ನೀರಿಗಿಳಿದು ನಡುಹೊಳೆಯವರೆಗೆ ಹೋಗಿ ಬಂದು, ನೀರು ಎಷ್ಟಿದೆಯೆಂದು ಕೂಗಿ ಹೇಳಬೇಕು. ಮೊಣಕಾಲುಮಟ್ಟ, ಸೊಂಟಮಟ್ಟ, ಎದೆಮಟ್ಟ, ಕುತ್ತಿಗೆಮಟ್ಟ. ಊರಿಗೆ ಗೊತ್ತಿದ್ದ ಅಳತೆ ಇಷ್ಟೇ. ಕುತ್ತಿಗೆಮಟ್ಟ ಎಂದರೆ ಆ ದಿನ ಯಾರೂ ನೀರಿಗಿಳಿಯುತ್ತಿರಲಿಲ್ಲ. ಭರಮಪ್ಪ ಪ್ರಾಮಾಣಿಕ. ಊರಿನಲ್ಲೆಲ್ಲ ಎತ್ತರದವನು. ಎತ್ತರದವನೆಂದೇ ಅವನಿಗೆ ಆ ಕೆಲಸ ಕೊಟ್ಟಿದ್ದರು.

ಅದೇ ಊರಿನಲ್ಲಿ ಬುಟ್ಟಿ ಹೆಣೆಯುವ ಅಕ್ಕತಂಗಿಯರಿದ್ದರು. ಅಕ್ಕ ಸಂಕವ್ವ, ತಂಗಿ ಈರವ್ವ. ತಂಗಿ ಕುಳ್ಳಿ. ಒಂದು ಸಂತೆಯ ದಿನ ಅಕ್ಕನಿಗೆ ಜ್ವರ. ತಂಗಿ ಒಬ್ಬಳೇ ಬುಟ್ಟಿ ಹೊತ್ತು ನದಿಗೆ ಬಂದಳು. ಭರಮಪ್ಪ ನೀರಿನಿಂದೆದ್ದು ಬಂದು, "ಎದೆಮಟ್ಟ, ದಾಟಬಹುದು" ಎಂದು ಕೂಗಿದ. ಈರವ್ವ ಅದನ್ನು ನಂಬಿ ನೀರಿಗಿಳಿದಳು. ನಡುಹೊಳೆಯಲ್ಲಿ ನೀರು ಅವಳ ತಲೆ ಮೀರಿತು. ಬುಟ್ಟಿಗಳು ತೇಲಿದವು. ಹೆಣ ಕೆಳಗಿನ ಊರಿನವರಿಗೆ ಸಿಕ್ಕಿತು.

ಮಣ್ಣು ಮಾಡಿದ ಮೇಲೆ ಸಂಕವ್ವ ಪಂಚಾಯಿತಿ ಕಟ್ಟೆಗೆ ಬಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಭರಮಪ್ಪ ತಾನಾಗಿಯೇ ಎದ್ದು ನಿಂತ.

"ಅವ್ವಾ, ನಾನು ಸುಳ್ಳು ಹೇಳಲಿಲ್ಲ. ಎದೆಮಟ್ಟ ಅಂದೆ. ಎದೆಮಟ್ಟವೇ ಇತ್ತು."

"ಯಾರ ಎದೆಮಟ್ಟ?" ಎಂದು ಸಂಕವ್ವ ಕೇಳಿದಳು.

ಊರ ಗೌಡ ಭರಮಪ್ಪನ ಪರವಾಗಿ ಮಾತಾಡಿದ. "ಊರಿಗೆ ಒಂದು ಅಳತೆ ಅಂತ ಇರಬೇಕಮ್ಮ. ಒಬ್ಬೊಬ್ಬರಿಗೆ ಒಂದೊಂದು ಅಳತೆ ಇಡುವುದಕ್ಕೆ ಆಗುತ್ತದೆಯೇ?"

"ಒಂದೇ ಇರಲಿ ಗೌಡರೇ. ಊರಿನಲ್ಲಿ ಎಲ್ಲರಿಗಿಂತ ಕುಳ್ಳಾದವರ ಎದೆ ಅಳತೆಯಾಗಲಿ. ಅದರಿಂದ ಎತ್ತರದವರು ಯಾರೂ ಮುಳುಗುವುದಿಲ್ಲ."

"ಹಾಗೆ ಮಾಡಿದರೆ ವರ್ಷದಲ್ಲಿ ಅರ್ಧ ಸಂತೆ ತಪ್ಪುತ್ತದೆ," ಎಂದ ಗೌಡ. ಕಟ್ಟೆಯ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಅವರಲ್ಲಿ ಕುಳ್ಳರೂ ಇದ್ದರು. ಸಿಟ್ಟು ಬಿಡು, ದೇವರನ್ನು ನೆನೆ ಎಂದು ಅವಳಿಗೆ ಬುದ್ಧಿ ಹೇಳಿ ಕಳಿಸಿದರು.

ಸಂಕವ್ವ ಸಿಟ್ಟು ಬಿಡಲಿಲ್ಲ. ದಿನವೂ ಬೆಳಗ್ಗೆ ನದಿಯ ದಡಕ್ಕೆ ಬಂದು ನಿಂತಳು. ಭರಮಪ್ಪ "ಎದೆಮಟ್ಟ" ಎಂದು ಕೂಗಿದರೆ ಅವಳು "ಯಾರ ಎದೆಮಟ್ಟ?" ಎಂದು ಕೂಗುತ್ತಿದ್ದಳು. "ಸೊಂಟಮಟ್ಟ" ಎಂದರೆ "ಯಾರ ಸೊಂಟಮಟ್ಟ?" ಸಂತೆಗೆ ಹೊರಟವರು ಮೊದಲು ನಕ್ಕರು, ಆಮೇಲೆ ಬೈದರು. ತಲೆ ಕೆಟ್ಟಿದೆ ಎಂದರು. ಒಬ್ಬ ಅವಳನ್ನು ದಡದಿಂದ ತಳ್ಳಿದ. ಅವಳು ಮತ್ತೆ ಎದ್ದು ಬಂದು ಅಲ್ಲಿಯೇ ನಿಂತಳು.

ಒಂದು ದಿನ ಭರಮಪ್ಪ ನೀರಿನಿಂದೆದ್ದು ಬಂದವನು ಕೂಗುವ ಬದಲು ಸಂಕವ್ವನ ಕಡೆ ತಿರುಗಿದ. ಜನ ಅವಸರಪಡಿಸಿದರು. ಕೊನೆಗೆ ಅವನು ತನ್ನ ಎದೆ ಮುಟ್ಟಿಕೊಂಡು, "ನನ್ನ ಎದೆಮಟ್ಟ" ಎಂದ.

ನೀರಿಗೆ ಕಾಲಿಟ್ಟಿದ್ದವರು ನಿಂತರು. ಒಬ್ಬ ಬಸುರಿ ಅವನ ಪಕ್ಕಕ್ಕೆ ಬಂದು ನಿಂತು ನೋಡಿದಳು. ಅವನ ಎದೆ ಅವಳ ಕಣ್ಣಿಗೆ ಸಮನಾಗಿತ್ತು. ಅವಳು ಮನೆಗೆ ತಿರುಗಿದಳು. ಆ ದಿನ ಅರ್ಧ ಜನ ಸಂತೆಗೆ ಹೋಗಲಿಲ್ಲ.

ಸಂಜೆ ಗೌಡ ಭರಮಪ್ಪನನ್ನು ಕೆಲಸದಿಂದ ತೆಗೆದ. ಊರಿನ ಅಳತೆಯನ್ನು ಕೆಡಿಸಿದ ಎಂಬುದು ಅವನ ಮೇಲಿನ ಆರೋಪ. ಹೆಚ್ಚುಕಡಿಮೆ ಅವನಷ್ಟೇ ಎತ್ತರದ ಇನ್ನೊಬ್ಬನನ್ನು ನೇಮಿಸಿದರು. ಮರುದಿನ ಹೊಸಬ "ಎದೆಮಟ್ಟ, ದಾಟಬಹುದು" ಎಂದು ಕೂಗಿದ. ದಡದಲ್ಲಿ ಈಗ ಇಬ್ಬರು ನಿಂತಿದ್ದರು, ಸಂಕವ್ವ ಮತ್ತು ಭರಮಪ್ಪ. ಇಬ್ಬರೂ ಒಟ್ಟಿಗೆ, "ಯಾರ ಎದೆಮಟ್ಟ?" ಎಂದು ಕೇಳಿದರು.

ಗುರುಗಳು ಕತೆ ನಿಲ್ಲಿಸಿದರು. ಅವರ ದನಿ ಬಿರುಸಾಗಿತ್ತು. ಶಿಷ್ಯ ಕೇಳಿದ:

"ಗುರುಗಳೇ, ಈರವ್ವ ಸತ್ತ ದಿನ ಭರಮಪ್ಪ ಹೇಳಿದ್ದು ಸತ್ಯವೋ, ಸುಳ್ಳೋ?"

"ಅದನ್ನು ದಡದ ಮೇಲೆ ನಿಂತು ಕೇಳಬೇಡ," ಎಂದರು ಗುರುಗಳು.