ಬಾತುಕೋಳಿ ಹಿಡಿದ ಅಡ್ಡದಾರಿ

ಊರ ನಡುವಿನ ಹತ್ತಿ ಗಿರಣಿ ಮುಚ್ಚಿದ ಮೇಲೆ, ಅದಕ್ಕೆಂದೇ ತೋಡಿದ್ದ ಕಾಲುವೆಯಲ್ಲಿ ನೀರು ದಿನೇ ದಿನೇ ಇಳಿಯತೊಡಗಿತು. ಹಾರಲು ಬಾರದ ಬಾತುಕೋಳಿಯೊಂದು, ಕಾಲುವೆ ಹಿಡಿದು ಹೋದರೆ ಕೊನೆಗೆ ಹೊಳೆ ಸಿಕ್ಕೀತೆಂದು ಹೊರಟಿತು. ಗೋಡೆಯ ಬುಡದಲ್ಲಿ ಏಡಿಯೊಂದೂ ಅತ್ತಲೇ ಹೊರಟಿತ್ತು. ಮುಖ ಗೋಡೆಗೆ, ನಡಿಗೆ ಅಡ್ಡಕ್ಕೆ.

"ಏಡಕ್ಕ, ಹೋಗುವ ದಿಕ್ಕಿಗೆ ಮುಖವನ್ನಾದರೂ ಮಾಡಬಾರದೆ? ಅಡ್ಡದಾರಿ ಹಿಡಿದವರ ಜೊತೆ ನಾನು ಬರುವವನಲ್ಲ," ಎಂದು ಬಾತುಕೋಳಿ ಕತ್ತು ನೀಳ ಮಾಡಿ ಮುಂದೆ ಹೋಯಿತು.

ಪೇಟೆ ಬಂದಲ್ಲಿ ಕಾಲುವೆ ರಸ್ತೆಯ ಕೆಳಗೆ ನುಗ್ಗಿತ್ತು. ಒಳಗೆ ಹಗಲಲ್ಲೂ ಕಗ್ಗತ್ತಲೆ; ಕಾಲುವೆ ತಿರುಗುವಲ್ಲೆಲ್ಲ ಪೇಟೆಯ ಚರಂಡಿಗಳು ಬಂದು ಸೇರಿದ್ದವು. ಬಾತುಕೋಳಿ ಮೂರು ಸಲ ನೇರವಾಗಿ ಹೋಗಿ, ಮೂರು ಸಲವೂ ಯಾವುದೋ ಚರಂಡಿಯೊಳಗೆ ಹೊಕ್ಕು ಕೊಕ್ಕು ಗುದ್ದಿಕೊಂಡಿತು. ಹೊಳೆಯ ಆಸೆ ಬಿಟ್ಟು ಕೂತಿದ್ದಾಗ ಪಕ್ಕದಲ್ಲೇ ಕಟಕಟ ಸದ್ದಾಯಿತು.

"ಚರಂಡಿಗೆ ಇಟ್ಟಿಗೆ, ಕಾಲುವೆಗೆ ಕಲ್ಲು. ಗೋಡೆಗೆ ಮುಖ ಕೊಟ್ಟು ನಡೆಯುವವಳಿಗೆ ಅದು ಗೊತ್ತಾಗುತ್ತದೆ, ಬಾತಣ್ಣ," ಎಂದಿತು ಏಡಿ. "ಕಲ್ಲು ತಡವುತ್ತ ನನ್ನ ಜೊತೆ ಬಾ."

ಬಾತುಕೋಳಿ ಕೊಕ್ಕನ್ನು ಕಲ್ಲಿಗೆ ಒತ್ತಿ ಒಂದೊಂದೇ ಹೆಜ್ಜೆ ಅಡ್ಡಡ್ಡ ಸರಿಯಿತು. ಸರಿಯುತ್ತ ಸರಿಯುತ್ತ ಅದಕ್ಕೆ ತನ್ನ ನಡಿಗೆಗೇ ನಗು ಬಂತು. ನಗುತ್ತಲೇ ಬೆಳಕಿಗೆ ಬಿತ್ತು. ಎದುರಿಗೆ ತುಂಬಿದ ಹೊಳೆ.

ದಡದಲ್ಲಿ ನಿಂತಿದ್ದ ಕೊಕ್ಕರೆ ಕೇಳಿತು, "ಅಷ್ಟು ದೊಡ್ಡ ಪೇಟೆ ದಾಟಿ ಯಾವ ದಾರಿಯಲ್ಲಿ ಬಂದೆಯಪ್ಪ?"

"ಅಡ್ಡದಾರಿಯಲ್ಲಿ," ಎಂದು ಬಾತುಕೋಳಿ ಎದೆಯುಬ್ಬಿಸಿ ಹೇಳಿ, ಏಡಕ್ಕನ ಪಕ್ಕದಲ್ಲೇ ಅಡ್ಡಡ್ಡವಾಗಿ ನೀರಿಗಿಳಿಯಿತು.