ಚಪ್ಪಾಳೆಗೆ ಬರುವ ಮೀನು

ಭರಣಿ ಮಳೆ ಹುಯ್ದು ಎರಡು ದಿನವಾಗಿತ್ತು. ಹೊಳೆದಂಡೆಯ ಆ ಚಿಕ್ಕ ಮಠದ ಹಿರಿಯ ಸ್ವಾಮಿಗಳು ಸಂಜೆ ಕೊಳದ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಶಿಷ್ಯ ಕಪನಯ್ಯ.

"ಏನು ಕೇಳಿಸ್ತಿದೆ?" ಎಂದರು ಸ್ವಾಮಿಗಳು.

ಕಪನಯ್ಯ ಕಿವಿಗೊಟ್ಟ. "ಏನೂ ಇಲ್ಲ ಬುದ್ಧಿ."

"ನನಗೂ ಅಷ್ಟೇ. ಮಳೆ ಬಂದು ಎರಡು ದಿನ ಆಯ್ತು. ಒಂದು ಕಪ್ಪೆ ಕೂಗಲಿಲ್ಲ."

ಕಪನಯ್ಯ ಕೊಳದ ಕಡೆಯಿಂದ ಮುಖ ತಿರುಗಿಸಿದ. ಕಾರಣ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ವರ್ಷದಿಂದ ಏನೂ ಅರಿಯದವನ ಹಾಗೆ ಓಡಾಡಿಕೊಂಡಿದ್ದ.

ಆ ಮಠದಲ್ಲಿ ಒಂದು ಪದ್ಧತಿ. ಹರಕೆ ಹೊತ್ತವರು ಸೆರೆಸಿಕ್ಕ ಒಂದು ಜೀವವನ್ನು ಕೊಂಡು ತಂದು ಬಿಡಿಸುತ್ತಿದ್ದರು. ಹಕ್ಕಿಯಾದರೆ ಬಯಲಿಗೆ, ಮೀನಾದರೆ ಕೊಳಕ್ಕೆ. ಮೂರು ವರ್ಷದ ಹಿಂದೆ ಕಪನಯ್ಯ ಸೇತುವೆ ಬಳಿಯ ಸಂತೆಯಲ್ಲಿ ಏಳು ಕರಿ ಮೀನು ಕಂಡ. ನೀರಿಲ್ಲದ ಬುಟ್ಟಿಯಲ್ಲಿ ಮೀಸೆ ಅಲ್ಲಾಡಿಸುತ್ತ ಬಿದ್ದಿದ್ದವು. ಅವನ ಕರುಳು ಚುರುಕ್ಕೆಂದಿತು. ಏಳನ್ನೂ ತಂದು ಕೊಳಕ್ಕೆ ಬಿಟ್ಟ. ಅಂದು ಅವನಷ್ಟು ಸುಖವಾಗಿ ಮಲಗಿದವರು ಆ ಸೀಮೆಯಲ್ಲೇ ಯಾರೂ ಇದ್ದಿರಲಾರರು.

ಬಿಟ್ಟದ್ದಲ್ಲದೆ ಸಾಕಿದ. ದಾಸೋಹದಲ್ಲಿ ಉಳಿದ ಅನ್ನವನ್ನು ಉಂಡೆ ಕಟ್ಟಿಕೊಂಡು ಕೆಳಮೆಟ್ಟಿಲಿಗೆ ಇಳಿದು ಮೂರು ಸಲ ಚಪ್ಪಾಳೆ ತಟ್ಟುತ್ತಿದ್ದ. ಮೀನುಗಳು ಬಂದು ಅವನ ಕೈಯಿಂದಲೇ ತಿನ್ನುತ್ತಿದ್ದವು. ಮೊಳದುದ್ದ ಬೆಳೆದವು, ಮೊಟ್ಟೆಯಿಟ್ಟು ಮರಿ ಮಾಡಿದವು. ಭಕ್ತರು ಬೆರಗಾಗಿ ನೋಡುವಾಗ ಅವನಿಗೆ ಒಳಗೊಳಗೇ ಹಿಗ್ಗು.

ಆದರೆ ಅವು ಬರೀ ಅನ್ನ ತಿಂದು ಬೆಳೆದವಲ್ಲ. ಮೊದಲು ಕೊಳದ ಗೆಂಡೆ ಮೀನು ಕಾಣದಾದವು. ಆಮೇಲೆ ಕಪ್ಪೆಗಳು, ದಡದ ಜೊಂಡಿನಲ್ಲಿದ್ದ ಹುಂಡುಕೋಳಿಯ ಮರಿಗಳು ಒಂದೊಂದಾಗಿ ಇಲ್ಲವಾದವು. ಒಂದು ಮರಿಯನ್ನು ನೀರೊಳಗಿಂದ ಏನೋ ಎಳೆದುಕೊಂಡದ್ದನ್ನು ಕಪನಯ್ಯ ಕಣ್ಣಾರೆ ಕಂಡಿದ್ದ. ಯಾರಿಗೂ ಹೇಳಲಿಲ್ಲ. ಮುಂದಿನ ತಿಂಗಳ ಹುಣ್ಣಿಮೆಗೆ ಅವನಿಗೆ ಕಾವಿ ಕೊಡುವುದೆಂದು ನಿಶ್ಚಯವಾಗಿತ್ತು. ಹನ್ನೊಂದು ವರ್ಷ ಕಾದ ಕಾವಿ ಅದು.

ಕೊಳಕ್ಕೆ ಏನಾಗಿದೆ ಎಂದು ನೋಡಿಸಲು ಸ್ವಾಮಿಗಳೇ ಹೇಳಿಕಳಿಸಿ ಮೀನುಗಾರಿಕೆ ಇಲಾಖೆಯ ಅಧಿಕಾರಿಯನ್ನು ಕರೆಸಿದರು. ವನಮಾಲಾ ಎಂದು ಹೆಸರು. ನೀರಿಗೆ ಒಂದು ಬಲೆ ಬಿಟ್ಟು, ಬಂದ ಮೀನನ್ನು ಒಮ್ಮೆ ನೋಡಿದ್ದೇ ತಲೆ ಅಲ್ಲಾಡಿಸಿದರು.

"ಆಫ್ರಿಕಾದ ಕ್ಯಾಟ್‌ಫಿಶ್, ಸ್ವಾಮೀಜಿ. ಸಾಕಬಾರದು ಅಂತ ಸರ್ಕಾರ ನಿಷೇಧ ಮಾಡಿದೆ. ಬಾಯಿಗೆ ಸಿಕ್ಕಿದ್ದನ್ನೆಲ್ಲ ತಿನ್ನತ್ತೆ. ಕೊಳ ತುಂಬಿದ್ರೆ ಕೋಡಿ ನೀರು ಎಲ್ಲಿಗೆ ಹೋಗತ್ತೆ?"

"ಹೊಳೆಗೆ" ಎಂದರು ಸ್ವಾಮಿಗಳು.

"ಹಾಗಾದ್ರೆ ಮಳೆ ಜೋರಾಗೋ ಮುಂಚೆ ಇಲ್ಲಿ ಒಂದೂ ಉಳೀಬಾರದು. ಹೊಳೆ ಸೇರಿದ್ರೆ ನಮ್ಮ ಕೈಮೀರಿ ಹೋಯ್ತು."

"ಬೇರೆ ಯಾವುದಾದ್ರೂ ಕೆರೆಗೆ ಬಿಡಬಹುದಲ್ಲ ಮೇಡಂ?" ಎಂದ ಕಪನಯ್ಯ.

"ಆ ಕೆರೇಲಿ ಇರೋವು ನಿಮಗೇನು ಅನ್ಯಾಯ ಮಾಡಿದ್ವು?"

ಮಠದ ಗುಮಾಸ್ತ ಮೆಲ್ಲಗೆ ಬಾಯಿ ಹಾಕಿದ. "ಒಂದಿಷ್ಟು ಔಷಧಿ ಸುರಿದುಬಿಟ್ರೆ ಒಂದೇ ದಿನಕ್ಕೆ ಮುಗೀತದೆ."

"ಈ ನೀರನ್ನ ದನ ಕುಡೀತವೆ, ಜನ ಮುಟ್ತಾರೆ. ವಿಷ ಹಾಕಿದ್ರೆ ನಾನೇ ಕೇಸು ಹಾಕ್ತೀನಿ. ಬಲೆ ಹಾಕಿ ಹಿಡೀಬೇಕು. ತಲೆಗೆ ಒಂದೇ ಏಟು, ಒದ್ದಾಡಿಸಬಾರದು. ದೂರದಲ್ಲಿ ಗುಂಡಿ ತೋಡಿ ಹೂಳಬೇಕು. ಅನುಮತಿ ಪತ್ರ ನಾನು ಬರ್ಕೊಡ್ತೀನಿ."

"ಇವನ್ನ ತೆಗೆದ್ರೆ ಹೋದ ಕಪ್ಪೆ, ಗೆಂಡೆ ಎಲ್ಲ ಮತ್ತೆ ಬರ್ತಾವಾ?" ಎಂದ ಕಪನಯ್ಯ.

"ಮಾತು ಕೊಡೋಕಾಗಲ್ಲ" ಎಂದರು ವನಮಾಲಾ. ಆ ಮಾತಿಗೆ ಕಪನಯ್ಯ ಕುಗ್ಗಿಹೋದ.

ಮಾರನೆಯ ಬೆಳಗ್ಗೆ ಬೆಸ್ತರ ರಾಚಯ್ಯ ಬಲೆ ತಂದ. ಮೊದಲ ಮೀನು ಮೇಲೆ ಬಂತು. ರಾಚಯ್ಯ ಮರದ ಕೊಡತಿ ಎತ್ತಿದ.

ಕಪನಯ್ಯ ಅಡ್ಡ ಬಂದ. "ಹೊಡೀಬೇಡ. ಹುಲ್ಲಿನ ಮೇಲೆ ಬಿಡು, ತಾನಾಗೇ ಹೋಗ್ಲಿ. ಯಾರ ಕೈಗೂ ಪಾಪ ಅಂಟೋದು ಬೇಡ."

ಮೀನು ಹುಲ್ಲಿನ ಮೇಲೆ ಬಾಯಿ ತೆರೆದು ಮುಚ್ಚುತ್ತ ಬಿದ್ದಿತು.

"ಕಪನಯ್ಯ, ಉಸಿರು ಕಟ್ಟು" ಎಂದರು ಸ್ವಾಮಿಗಳು.

"ಎಷ್ಟು ಹೊತ್ತು ಬುದ್ಧಿ?"

"ಅದು ಸಾಯೋವರೆಗೆ."

ಗುರುವಿನ ಮಾತೆಂದು ಕಪನಯ್ಯ ಉಸಿರು ಕಟ್ಟಿದ. ಮುಖ ಕೆಂಪಾಯಿತು, ಕಣ್ಣು ಮೇಲೆ ಬಂತು. ಕೊನೆಗೆ ತಡೆಯಲಾರದೆ ಕೂತು ಏದುಸಿರು ಬಿಟ್ಟ. ಮೀನು ಇನ್ನೂ ಬಾಯಿ ತೆರೆದು ಮುಚ್ಚುತ್ತಲೇ ಇತ್ತು.

"ರಾಚಯ್ಯ, ಇದಕ್ಕೆ ಇನ್ನೆಷ್ಟು ಹೊತ್ತು ಹಿಡೀಬಹುದು?"

"ಇದಕ್ಕಾ ಬುದ್ಧಿ? ಮಧ್ಯಾಹ್ನ ಆದ್ರೂ ಸಾಯಕಿಲ್ಲ."

ಸ್ವಾಮಿಗಳು ತಲೆಯಾಡಿಸಿ ಸನ್ನೆ ಮಾಡಿದರು. ರಾಚಯ್ಯ ಒಂದೇ ಏಟು ಹಾಕಿದ. ಕಪನಯ್ಯ ಮತ್ತೆ ಅಡ್ಡ ಬರಲಿಲ್ಲ.

ವಾರದಲ್ಲಿ ಮರಿಗಳೆಲ್ಲ ಬಲೆಗೆ ಬಿದ್ದವು. ದೊಡ್ಡವು ಏಳೂ ಬೀಳಲಿಲ್ಲ.

"ಮೆಟ್ಟಿಲ ಬುಡದಲ್ಲಿ, ಕಲ್ಲಿನ ಸಂದೀಲಿ ಕೂತವೆ ಬುದ್ಧಿ" ಎಂದ ರಾಚಯ್ಯ. "ಬಲೆ ಅಲ್ಲಿಗೆ ಹೋಗಕಿಲ್ಲ. ಅಯ್ನೋರು ಚಪ್ಪಾಳೆ ತಟ್ಟಿದ್ರೆ ಬತ್ತವಂತಲ್ಲ?"

ಎಲ್ಲರೂ ಕಪನಯ್ಯನ ಕಡೆ ನೋಡಿದರು. ಅವನು ಎದ್ದು ಒಳಗೆ ಹೋದ.

ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಗುರುಗಳ ಮುಂದೆ ಬಂದು ನಿಂತ.

"ನನ್ನ ನಂಬ್ಕೊಂಡಿವೆ ಬುದ್ಧಿ. ಅನ್ನ ತೋರಿಸಿ ಕರೆದು ಹೇಗೆ ಕೊಲ್ಲಿಸ್ಲಿ? ಆಮೇಲೆ ಯಾವ ಮುಖ ಇಟ್ಕೊಂಡು ಕಾವಿ ಉಡ್ಲಿ?"

ಕಪನಯ್ಯ ಅವರ ಕಾಲ ಬಳಿ ಕೂತ.

"ತಾವು ಅಪ್ಪಣೆ ಕೊಡಿ. ಗುರುವಿನ ಅಪ್ಪಣೆ ಅಂತ ಮಾಡ್ತೀನಿ. ಆಗ ನನ್ನ ಮೇಲೆ ಬರೋದಿಲ್ಲ."

"ಅವತ್ತು ಅವನ್ನ ತಂದು ಬಿಟ್ಟಾಗ ಬಂದ ಪುಣ್ಯ ಯಾರದು?"

ಕಪನಯ್ಯ ತಲೆ ತಗ್ಗಿಸಿದ. "ನನ್ನದು ಅಂದ್ಕೊಂಡಿದ್ದೆ."

"ಪುಣ್ಯವೆಲ್ಲ ನಿನಗೆ, ಪಾಪ ಮಾತ್ರ ನನಗೋ? ಅಪ್ಪಣೆ ಇಲ್ಲ, ಹೋಗು."

ಮರುದಿನ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕಪನಯ್ಯ ಒದ್ದೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಹೊಳೆಗೆ ಇಳಿಯುತ್ತಿದ್ದ. ಸ್ನಾನಕ್ಕೆ ಬಂದ ಸ್ವಾಮಿಗಳು ದಡದ ಕಲ್ಲಿನ ಮೇಲೆ ಕೂತಿದ್ದರು.

"ಚೀಲದಲ್ಲೇನು?"

"ಬಟ್ಟೆ ಬುದ್ಧಿ. ಒಗೆಯೋಕೆ."

ಚೀಲ ಒಳಗಿಂದ ಒಮ್ಮೆ ಒದೆಯಿತು.

"ಬಟ್ಟೆಗೆ ನಿನಗಿಂತ ಅವಸರ ಇದ್ದಂಗಿದೆ."

ಕಪನಯ್ಯನ ಕಣ್ಣಲ್ಲಿ ನೀರು ಬಂತು. "ಒಂದೇ ಒಂದು ಬುದ್ಧಿ. ಮೀಸೆ ಹರಿದದ್ದು. ಮೊದಲು ನನ್ನ ಕೈಯಿಂದ ತಿಂದದ್ದು ಇದೇ. ಒಂದರಿಂದ ಏನಾಗತ್ತೆ?"

ಸ್ವಾಮಿಗಳು ಬೈಯಲಿಲ್ಲ, ತಡೆಯಲಿಲ್ಲ. "ಬಿಡೋದಾದ್ರೆ ಬಿಡು. ಆದ್ರೆ ಬಿಡೋ ಮುಂಚೆ ಅಲ್ಲಿರೋರನ್ನ ಒಂದು ಮಾತು ಕೇಳು" ಎಂದರು.

ಕಪನಯ್ಯ ಮೊಣಕಾಲವರೆಗೆ ನೀರಿಗೆ ಇಳಿದು ನಿಂತ. ನೀರು ತಿಳಿಯಾಯಿತು. ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಮರಿಮೀನುಗಳು ಬಂದು ಅವನ ಕಾಲನ್ನು ಮುತ್ತಿದವು. ಬೆರಳ ಸಂದಿಯಲ್ಲಿ ಕಚಗುಳಿ ಇಟ್ಟವು. ಅವಕ್ಕೆ ಹೆದರಿಕೆಯೇ ಇರಲಿಲ್ಲ.

ಅವನು ಬಹಳ ಹೊತ್ತು ನಿಂತ. ಬಿಸಿಲು ಬಂತು. ಚೀಲ ಹೆಗಲ ಮೇಲೆ ಭಾರವಾಗುತ್ತ ಹೋಯಿತು.

ಆಮೇಲೆ ದಡ ಹತ್ತಿ ಬಂದು, ಗುರುಗಳ ಮುಖ ನೋಡದೆ, ನೆಟ್ಟಗೆ ಕೊಳದ ಹತ್ತಿರ ಹೋದ.

"ರಾಚಯ್ಯ, ಎಲ್ಲಿ ಹೊಡೀಬೇಕು ತೋರಿಸು."

"ನಾನು ಹೊಡಿತೀನಿ ಬುಡಿ ಅಯ್ನೋರೆ."

"ತೋರಿಸು."

ರಾಚಯ್ಯ ಹೆಬ್ಬೆರಳಿಟ್ಟು ತೋರಿಸಿದ. "ಕಣ್ಣಿನ ಹಿಂದುಕ್ಕೆ, ಇಲ್ಲಿ. ಅಳುಕ್ಕೊಂಡು ಹೊಡೆದ್ರೆ, ಪಾಪ, ಅದು ಎರಡು ಸಲ ಸಾಯ್ತದೆ. ಹಂಗೆ ಮಾಡಬ್ಯಾಡಿ."

ಚೀಲ ಬಿಚ್ಚಿ ಕೊಡತಿ ಎತ್ತಿದ ಕಪನಯ್ಯ ಅಳುಕಲಿಲ್ಲ.

ಮಧ್ಯಾಹ್ನ ದಾಸೋಹದ ಹೊತ್ತಿಗೆ ಅನ್ನದ ಉಂಡೆ ಹಿಡಿದು ಕೆಳಮೆಟ್ಟಿಲಿಗೆ ಇಳಿದ. ಪಕ್ಕದಲ್ಲಿ ರಾಚಯ್ಯ ಕೈಬಲೆ ಹಿಡಿದು ನೀರಿಗಿಳಿದಿದ್ದ. ಮೇಲೆ ವನಮಾಲಾ ನಿಂತಿದ್ದರು.

ಕಪನಯ್ಯ ಮೂರು ಸಲ ಚಪ್ಪಾಳೆ ತಟ್ಟಿದ.

ಬಂದವು. ಒಂದನ್ನು ಎತ್ತಿದಾಗ ಉಳಿದವು ಚದುರಿದವು. ಮತ್ತೆ ತಟ್ಟಿದ. ಮತ್ತೆ ಬಂದವು. ಪ್ರತಿ ಸಲವೂ ಬಂದವು. ಒಂದಾದರೂ ಬಾರದೆ ಹೋಗಬಾರದೇ ಎಂದು ಅವನ ಜೀವ ಒದ್ದಾಡಿತು. ಆದರೂ ಕೊನೆಯ ಮೀನಿನವರೆಗೂ ಅವನು ಅನ್ನ ಹಿಡಿದ ಕೈ ಹಿಂದೆಗೆಯಲಿಲ್ಲ.

ಗುಂಡಿಯನ್ನು ಅವನೇ ಮುಚ್ಚಿದ. ಅಂದಿನಿಂದ ಮಠದಲ್ಲಿ ಜೀವ ಬಿಡಿಸುವ ಹರಕೆ ನಿಂತಿತು. ಕೆಲವು ಭಕ್ತರು ಮುನಿಸಿಕೊಂಡು ಬರುವುದನ್ನೇ ಬಿಟ್ಟರು. ಕಪನಯ್ಯ ಎದುರಾದರೆ ಪಕ್ಕಕ್ಕೆ ಸರಿದು ಹೋಗುವವರೂ ಇದ್ದರು.

ಹುಣ್ಣಿಮೆಗೆ ಎರಡು ದಿನವಿರುವಾಗ ಮಳೆ ಹಿಡಿದು ಹುಯ್ದು ಕೊಳ ಕೋಡಿ ಬಿತ್ತು. ಬೆಳಗ್ಗೆ ಗುರು ಶಿಷ್ಯರಿಬ್ಬರೂ ಕೋಡಿಯ ಬಳಿ ನಿಂತರು. ನೀರು ಕಾಲುವೆ ಹಿಡಿದು ಹೊಳೆಯ ಕಡೆ ಹರಿಯುತ್ತಿತ್ತು. ಅದರಲ್ಲಿ ತರಗೆಲೆ ಬಿಟ್ಟರೆ ಏನೂ ಇರಲಿಲ್ಲ.

"ಬುದ್ಧಿ, ಹೊಳೆ ಉಳೀತು. ಅದು ಕಣ್ಣಿಗೆ ಕಾಣ್ತಿದೆ. ಆದ್ರೂ ಮನಸ್ಸಿಗೆ ಒಂದು ಚೂರೂ ಸಮಾಧಾನ ಇಲ್ಲ."

ಕಪನಯ್ಯ ಕೋಡಿಗೆ ಸಿಕ್ಕಿದ್ದ ಒಂದು ಎಲೆಯನ್ನು ಬಿಡಿಸಿ ನೀರಿಗೆ ಬಿಟ್ಟ.

"ಮಧ್ಯಾಹ್ನ ಆದ್ರೆ ಕೈ ತಾನಾಗೇ ಅನ್ನದ ಉಂಡೆ ಕಟ್ಟತ್ತೆ. ಆಮೇಲೆ ನೆನಪಾಗತ್ತೆ." ಕಪನಯ್ಯ ಗುರುಗಳ ಕಡೆ ತಿರುಗಿದ. "ನನಗೆ ಕಾವಿ ಬೇಡ ಬುದ್ಧಿ. ನಾನು ಅದಕ್ಕೆ ತಕ್ಕೋನಲ್ಲ."

ಮಳೆ ಮತ್ತೆ ಹನಿಯತೊಡಗಿತು. ಸ್ವಾಮಿಗಳು ತಮ್ಮ ಶಾಲು ತೆಗೆದು ಅವನ ತಲೆಯ ಮೇಲೆ ಹೊದಿಸಿದರು.

"ನಾಡಿದ್ದು ಕಾವಿ ಕೊಡ್ತೀನಿ ಕಪನಯ್ಯ. ಉಟ್ಕೊಂಡ್ರೆ ಇದೆಲ್ಲ ಕಮ್ಮಿ ಆಗ್ತದೆ ಅಂತ ಮಾತ್ರ ತಿಳ್ಕೋಬೇಡ."