ಓಣಿಯವರು ಕೊಟ್ಟ ಪಂಚಮಿ ಉಂಡಿ

ಮಲಪ್ರಭೆಯ ದಂಡೆಯ ನೇಕಾರರ ಊರೊಂದರಲ್ಲಿ ಪೂಜ್ಯ ಶಾಂತವೀರಮ್ಮನವರು ಬಹುಕಾಲ ನೆಲೆಸಿದ್ದರು. ಹಂಚಿನ ಒಂದು ಕೋಣೆಯೇ ಅವರ ಮಠ. ಜೋಳಿಗೆ ಹಿಡಿದು ದಿನಕ್ಕೆ ಐದು ಮನೆ ಭಿಕ್ಷೆ ಬೇಡುವರು; ಬಂದದ್ದನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವರು. ಊರಿನವರ ಬಾಯಲ್ಲಿ ಅವರು 'ಅವ್ವಾರು'.

ಅದೇ ಓಣಿಯ ಈರಬಸಪ್ಪ ಸೀರೆ ನೇಯುವವನು. ಬಲು ಅಭಿಮಾನಿ. ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದವನಲ್ಲ, ಯಾರ ಮುಂದೆಯೂ ಕೈ ಚಾಚಿದವನೂ ಅಲ್ಲ. ಆ ವರ್ಷ ಅಟ್ಟದಿಂದ ಬಿದ್ದು ಬಲಗೈ ಮುರಿದುಕೊಂಡ. ನಾಲ್ಕು ತಿಂಗಳಿಂದ ಮಗ್ಗದ ಸದ್ದಿಲ್ಲ. ಶ್ರಾವಣ ಬಂತು. ಮದುವೆಯಾದ ಮೇಲೆ ಮಗಳು ದಾಕ್ಷಾಯಣಿ ತವರಿಗೆ ಬರುವ ಮೊದಲ ನಾಗರ ಪಂಚಮಿ. ದಿನದ ರೊಟ್ಟಿ ಹೇಗೋ ನಡೆಯುತ್ತಿತ್ತು. ಹಬ್ಬದ ಸಿಹಿ ಉಂಡಿ ಕಟ್ಟಲು ಹಿಡಿ ಶೇಂಗಾ ಇರಲಿಲ್ಲ, ಬೆಲ್ಲವಿರಲಿಲ್ಲ.

ಇದನ್ನರಿತ ನೆರೆಮನೆಯ ಕಾಶವ್ವ ತಾಟಿನ ತುಂಬ ಉಂಡಿ ತಂದಳು. ಹಿಂದೆಯೇ ಇನ್ನಿಬ್ಬರು ಬಂದರು. ಈರಬಸಪ್ಪ ಬಾಗಿಲಲ್ಲೇ ನಿಂತು, "ನಮ್ಮನ್ಯಾಗ ಎಲ್ಲಾ ಐತ್ರಿ" ಎಂದು ತಿರುಗಿ ಕಳಿಸಿದ. ಒಳಗೆ ಹೆಂಡತಿ ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ನೆಟ್ಟಗೆ ಮಠಕ್ಕೆ ಬಂದ. ಅಮ್ಮನವರು ಆಗತಾನೆ ಪ್ರಸಾದಕ್ಕೆ ಕುಳಿತಿದ್ದರು.

"ಅವ್ವಾರ, ನಾಳೆ ನೀವು ನನ್ನ ಮಗಳ ಊರಿಗೆ ಹೊಂಟೀರಂತ. ಈ ಸಲ ಬರೂದು ಬ್ಯಾಡ ಅಂತ ಆಕಿಗೆ ಒಂದು ಮಾತು ಹೇಳ್ರಿ."

"ಯಾಕಪ್ಪಾ?"

"ಮಂದಿ ಕೊಟ್ಟ ಉಂಡಿ ಮಗಳಿಗೆ ತಿನಿಸಿ ಸಣ್ಣವ ಆಗೂದು ನನ್ನಿಂದ ಆಗೂದಿಲ್ರಿ."

ಅಮ್ಮನವರು ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತೋರಿದರು. "ಇದು ನಿನ್ನ ಮನಿ ರೊಟ್ಟಿ. ಮುಂಜಾನೆ ನೀಲವ್ವ ನೀಡಿದ್ದು. ಇಪ್ಪತ್ತು ವರ್ಷ ಆತು, ಈ ಓಣಿ ರೊಟ್ಟಿ ಉಂಡು ಬದುಕೀನಿ. ನಾ ಸಣ್ಣಾಕಿ ಆದೆನೇನು, ಈರಬಸಪ್ಪ?"

ದಿನವೂ ಆ ಪಾದಗಳಿಗೆ ಹಣೆ ಹಚ್ಚುತ್ತಿದ್ದವನು ಅವನು.

"ಕೊಡೂದು ಬಲ್ಲಿ. ಇಸಗೊಳ್ಳೂದೂ ಕಲಿ," ಎಂದರು ಅಮ್ಮನವರು. "ನಾಳೆ ನಿನ್ನ ಮಗಳನ್ನ ನಾನ ಕರಕೊಂಡು ಬರ್ತೀನಿ."

ಈರಬಸಪ್ಪ ಮನೆಗೆ ಹೋಗದೆ ಕಾಶವ್ವನ ಬಾಗಿಲಿಗೆ ಹೋಗಿ ನಿಂತ. ಬಲಗೈಗೆ ಕಟ್ಟು ಬಿಗಿದಿತ್ತು, ಬೇಡಲು ಎಡಗೈ ಚಾಚುವಂತಿಲ್ಲ. ಹೆಗಲ ಮೇಲಿನ ಶಲ್ಯವನ್ನೇ ಹರವಿ ಹಿಡಿದ. "ಅಕ್ಕಾ, ಒಲ್ಲೆ ಅಂದದ್ದು ತಪ್ಪಾತು. ಮಗಳು ಬರಾಕತ್ತಾಳ. ಉಂಡಿ ನೀಡು."

ಕಾಶವ್ವ ಒಂದು ಮಾತೂ ಹಂಗಿಸಲಿಲ್ಲ. ಶಲ್ಯ ತುಂಬಿಸಿದಳು. ಸುದ್ದಿ ತಿಳಿದ ಮನೆಮನೆಯಿಂದ ಎಳ್ಳುಂಡಿ, ರವೆ ಉಂಡಿ, ಅಳ್ಳಿಟ್ಟು ಬಂದವು.

ಮರುದಿನ ಅಮ್ಮನವರ ಜೊತೆ ಬಂದ ದಾಕ್ಷಾಯಣಿ ತಾಟು ನೋಡಿ ಬೆರಗಾದಳು. "ಅಪ್ಪಾ, ಇಷ್ಟು ಬಗಿ ಉಂಡಿ ಅವ್ವ ಒಬ್ಬಾಕಿನ ಕಟ್ಟಿದಳೇನು?"

ನೀಲವ್ವ ತಲೆ ತಗ್ಗಿಸಿದಳು. ಈರಬಸಪ್ಪ ಮಗಳ ಪಕ್ಕ ಕುಳಿತು, "ಇಲ್ಲವ್ವಾ. ಮನ್ಯಾಗ ಏನೂ ಇರಲಿಲ್ಲ. ಇವೆಲ್ಲಾ ಓಣಿಯವರು ಕೊಟ್ಟದ್ದು. ತಿನ್ನು," ಎಂದ.

ಹಾಗೆ ಹೇಳುವಾಗ ಅವನ ದನಿ ಒಂದಿಷ್ಟೂ ನಡುಗಲಿಲ್ಲ.